ತರುಣರೂ ವೇಗದ ಪಂದ್ಯವೂ

ಮೈಸೂರಿನಿಂದ ಹುಣಸೂರಿಗೆ ಹೋಗುವ ಮಾರ್ಗದಲ್ಲಿ, ನನ್ನೇಶ್ವರ ದೇವಾಲಯವಿರುವ ಹಿನಕಲ್ಲು ಈಗ ಹಳ್ಳಿಯೆನಿಸಿಕೊಳ್ಳುವ ಸ್ಥಿತಿಯಲ್ಲಿಲ್ಲ. ಹೊರ ವರ್ತುಲ ರಸ್ತೆಯು ಹುಣಸೂರು ರಸ್ತೆಯನ್ನು ಸಂಧಿಸುವುದು ಅಲ್ಲಿಯೇ, ಮೇಲ್ಸೇತುವೆಯೂ ಆಗಿದೆ. ವಿಶಾಲವಾದ ಇಂತಹ ರಸ್ತೆಯನ್ನು ಕಂಡೊಡನೆ, ಬೈಕನ್ನೇರಿದ ತರುಣನಿಗೆ ಮುಂದಿನವನನ್ನು ಹಿಂದೆ ಹಾಕಬೇಕೆಂಬ ಹಂಬಲ ಹುಟ್ಟುವುದು ಸಹಜ. ಆದರೆ ಹಾಲು ತರುವವರೂ ಶಾಲೆಯ ಮಕ್ಕಳೂ ದಾಟಬೇಕಾದದ್ದು ಅದೇ ರಸ್ತೆಯನ್ನಲ್ಲವೆ?

ಗದರಿಸುವುದೊಂದೇ ಉಪಾಯವೆಂದು ನಮಗೆ ತೋರುವುದಿಲ್ಲ. ಎರಡನೆಯ ಮಹಾಯುದ್ಧದ ತರುವಾಯ ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿಯೂ ಇದೇ ಉಪದ್ರವವಿತ್ತು. 1951ರಲ್ಲಿ ವಾಲಿ ಪಾರ್ಕ್ಸ್ ಎಂಬವರು ರಾಷ್ಟ್ರೀಯ ಹಾಟ್ ರಾಡ್ ಸಂಘವನ್ನು ಸ್ಥಾಪಿಸಿ, ಬೀದಿಯ ಪಂದ್ಯವನ್ನು ಪ್ರತ್ಯೇಕವಾದ ಕಣಕ್ಕೆ ಒಯ್ಯಲು ಶ್ರಮಿಸಿದರು. ಪೊಮೋನಾ ಪಟ್ಟಣದ ಪೊಲೀಸ್ ಸಾರ್ಜೆಂಟ್ ಬಡ್ ಕೂನ್ಸ್, ತರುಣರನ್ನು ಅಟ್ಟುವುದಕ್ಕೆ ಬದಲಾಗಿ ಅವರೊಡನೆ ಕೂಡಿಕೊಂಡರು. 1953ರಲ್ಲಿ ಸಂಘದ ಮೊದಲ ಅಧಿಕೃತ ಪಂದ್ಯವು ಅಲ್ಲಿಯೇ ಜರುಗಿತು. ಮರುವರ್ಷ ಅವರು ಮೂವರು ಸಂಗಡಿಗರೊಡನೆ ಊರೂರು ಸುತ್ತಿ, ಅಪಾಯವಿಲ್ಲದಂತೆ ಪಂದ್ಯ ನಡೆಸುವ ಕ್ರಮವನ್ನು ಕಲಿಸಿದರು. ಪೊಲೀಸಿನವರೇ ಗುರುಗಳಾದುದು ವಿಶೇಷವಲ್ಲವೆ!

ಡ್ರ್ಯಾಗ್ ರೇಸ್ ಎಂಬ ಈ ಆಟದಲ್ಲಿ ತಿರುವುಗಳಿಲ್ಲ, ಎದುರಿಗೆ ಬರುವವರಿಲ್ಲ. ಎರಡು ವಾಹನಗಳು ನಿಂತಲ್ಲಿಂದ ಒಮ್ಮೆಗೇ ಹೊರಟು ಕಾಲು ಮೈಲಿ, ಎಂದರೆ ಸುಮಾರು 402 ಮೀಟರು, ನೇರವಾಗಿ ಓಡುತ್ತವೆ. ಓಟಕ್ಕೆ ಮೊದಲು ಬ್ರೇಕು, ಟೈರು, ಹೆಲ್ಮೆಟ್ಟುಗಳ ಪರೀಕ್ಷೆಯಾಗಬೇಕು, ಆಂಬುಲೆನ್ಸು ಸಿದ್ಧವಿರಬೇಕು. ಎಲ್ಲಕ್ಕಿಂತ ಮುಖ್ಯವಾದುದು, ಗುರಿಯನ್ನು ದಾಟಿದ ಬಳಿಕ ವೇಗವನ್ನಿಳಿಸಿ ನಿಲ್ಲುವುದಕ್ಕೆ ಉದ್ದನೆಯ ಬರಿದಾದ ಜಾಗ. ಸಾರ್ವಜನಿಕ ರಸ್ತೆಯಲ್ಲಿ ದೊರೆಯದಿರುವುದು ಇದೇ.

ಕಾನೂನಿನ ಮಾತನ್ನು ಮನೆಯ ಹಿರಿಯರು ಗಮನಿಸಬೇಕು. 1988ರ ಮೋಟಾರು ವಾಹನಗಳ ಕಾಯಿದೆಯ 189ನೆಯ ಕಲಮಿನಂತೆ, ಸರ್ಕಾರದ ಲಿಖಿತ ಸಮ್ಮತಿಯಿಲ್ಲದೆ ಸಾರ್ವಜನಿಕ ಸ್ಥಳದಲ್ಲಿ ಪಂದ್ಯ ನಡೆಸುವುದು ಅಪರಾಧ. 2019ರ ತಿದ್ದುಪಡಿಯ ಮೇಲೆ, ಅಪ್ರಾಪ್ತ ವಯಸ್ಸಿನ ಮಗನು ವಾಹನದಿಂದ ಅಪರಾಧವೆಸಗಿದರೆ ಪೋಷಕರಿಗೋ ವಾಹನದ ಮಾಲೀಕರಿಗೋ 25,000 ರೂಪಾಯಿ ದಂಡವೂ ಮೂರು ವರ್ಷಗಳವರೆಗೆ ಸೆರೆವಾಸವೂ ಆಗಬಹುದು. ಹುಟ್ಟುಹಬ್ಬಕ್ಕೆ ಬೈಕು ಕೊಡಿಸುವ ತಂದೆತಾಯಿಗಳು ಇದನ್ನು ಬಲ್ಲರೆ?

ಹಿರಿಯರ ಕಣ್ಣೆದುರಿನ ಪಂದ್ಯ ನಮಗೇನೂ ಹೊಸದಲ್ಲ. ಜೋಡೆತ್ತಿನ ಗಾಡಿಯ ಓಟಕ್ಕೆ ನಮ್ಮ ಸೀಮೆಯ ಗ್ರಾಮಸ್ಥರೇ ಕಣವನ್ನು ಹದಗೊಳಿಸಿ, ಜನರನ್ನು ಅಂಚಿಗೆ ಸರಿಸಿ, ಬಹುಮಾನವನ್ನೂ ಕೂಡಿಸುತ್ತಾರೆ. ಮೈಸೂರಿನಲ್ಲಿಯೇ ಲಲಿತಮಹಲ್ ಬಳಿಯ ಹೆಲಿಪ್ಯಾಡ್ ಮೈದಾನದಲ್ಲಿ ಮೋಟಾರು ಪಂದ್ಯಗಳು ಜರುಗಿವೆ. ಬೈಕುಗಳಿಗೂ ಒಂದು ನೇರವಾದ ಕಣವನ್ನು ಗೊತ್ತುಮಾಡಿರೆಂದು ಹಿನಕಲ್ಲಿನ ಗೃಹಸ್ಥರು ಹತ್ತು ಮಂದಿ ಕೂಡಿ ಜಿಲ್ಲಾಧಿಕಾರಿಗಳಿಗೆ ಮನವಿ ಸಲ್ಲಿಸಲಿ. ಕಣವು ದೊರೆತ ದಿನ ತಾವೂ ಹೋಗಿ ಅಂಚಿನಲ್ಲಿ ನಿಲ್ಲಲಿ. ಹುಡುಗನ ಹೆಲ್ಮೆಟ್ಟಿನ ಪಟ್ಟಿ ಬಿಗಿಯಾಗಿದೆಯೆ ಎಂದು ವಿಚಾರಿಸಲಿ.