ಜೋಳದ ಮೇಲೆ ನಿಂತ ಸೀಮೆ

ಕಿತ್ತೂರಿನ ಕಡೆ ಮಳೆ ಹದವಾಗಿ ಬೀಳುತ್ತದೆ; ಮಲೆನಾಡಿನ ಸೆರಗಿನ ಊರದು, ಭತ್ತವೂ ಬೆಳೆಯುತ್ತದೆ. ಅಲ್ಲಿಂದ ಬೈಲಹೊಂಗಲ ದಾಟಿ ಸವದತ್ತಿ, ರಾಮದುರ್ಗದತ್ತ ಹೋದಂತೆಲ್ಲ ಮಳೆ ಕಡಿಮೆಯಾಗಿ ನೆಲ ಕಪ್ಪಾಗುತ್ತದೆ. ಖಾನಾಪುರದ ಕಣಕುಂಬಿಯಲ್ಲಿ ಹುಟ್ಟಿದ ಮಲಪ್ರಭೆಯೂ ಹೀಗೆಯೇ ಮೂಡಣಕ್ಕೆ ಹರಿಯುತ್ತಾಳೆ. ಈ ಎರಿಮಣ್ಣಿನ ಗುಣವೇ ಬೇರೆ. ಬ್ಯಾಸಗಿಯಲ್ಲಿ ಕಾಲು ಸಿಕ್ಕುವಷ್ಟು ಬಿರಿಯುತ್ತದೆ, ಮಳೆಯಾದರೆ ಚಕ್ಕಡಿಯ ಗಾಲಿಯನ್ನೇ ಹಿಡಿದು ನಿಲ್ಲಿಸುತ್ತದೆ. ಹಿಂಗಾರಿಯಲ್ಲಿ ಬಿತ್ತಿದ ಬಿಳಿಜೋಳ ಈ ಮಣ್ಣು ಹಿಡಿದಿಟ್ಟ ತೇವವನ್ನೇ ಉಂಡು, ಚಳಿಯಲ್ಲಿ ಬೆಳೆದು, ತೆನೆ ಹಿರಿಯುತ್ತದೆ.

ಇಲ್ಲಿಯವರ ಬಾಳ್ವೆ ನಿಂತಿರುವುದು ಆ ಜೋಳದ ಮೇಲೆ. ಕಾಳು ಮಂದಿಗೆ, ಕಣಿಕಿ ದನಕ್ಕೆ. ಬೆಳಕು ಹರಿಯುವ ಮೊದಲೇ ಓಣಿಯಲ್ಲಿ ರೊಟ್ಟಿ ಬಡಿಯುವ ಸಪ್ಪಳ ಏಳುತ್ತದೆ. ಬಿಸಿನೀರು ಹಾಕಿ ನಾದಿದ ಹಿಟ್ಟು ಎರಡೂ ಅಂಗೈಯ ಕೆಳಗೆ ತಿರುಗುತ್ತ ತಿರುಗುತ್ತ ತೆಳ್ಳಗಾಗುತ್ತದೆ. ಅದನ್ನು ಹಂಚಿಗೆ ಹಾಕಿ, ಒದ್ದೆ ಅರಿವೆಯಿಂದ ಮೇಲೆ ನೀರು ಸವರಿ, ಮಗುಚಿ, ಕಡೆಗೆ ಒಲೆಯ ಬಾಯಿಗೆ ಆನಿಸಿದರೆ ರೊಟ್ಟಿ ಉಬ್ಬುತ್ತದೆ. ಜೊತೆಗೆ ಪುಂಡಿಪಲ್ಯ, ಗುರೆಳ್ಳು ಚಟ್ನಿ, ಒಡೆದ ಉಳ್ಳಾಗಡ್ಡಿ. ಹೊಲಕ್ಕೆ ಹೋಗುವವರ ಬುತ್ತಿಯೂ ಅದೇ, ಬಂದ ಬೀಗರ ಊಟವೂ ಅದೇ.

ಎಳ್ಳಮವಾಸಿಯ ದಿನ ಊರಿಗೆ ಊರೇ ಖಾಲಿಯಾಗುತ್ತದೆ. ಚಕ್ಕಡಿ, ಟ್ರ್ಯಾಕ್ಟರ್ ಹೂಡಿಕೊಂಡು ಎಲ್ಲರೂ ಹೊಲಕ್ಕೆ ನಡೆಯುತ್ತಾರೆ. ಬನ್ನಿಗಿಡದ ಬುಡದಲ್ಲಿ ಐದು ಕಲ್ಲಿಗೆ ಸುಣ್ಣ ಹಚ್ಚಿ ಪಾಂಡವರೆಂದು ಪೂಜಿಸುತ್ತಾರೆ. ಎಳ್ಳು ಹಚ್ಚಿದ ಸಜ್ಜಿರೊಟ್ಟಿ, ಕಡಬು, ಬದನಿಕಾಯಿ ಎಣಗಾಯಿ, ಶೇಂಗಾ ಹೋಳಿಗೆ, ಎಲ್ಲವನ್ನೂ ಎಡೆ ಮಾಡಿ, ಒಂದು ಪಾಲು ಬುಟ್ಟಿಗೆ ತೆಗೆದುಕೊಂಡು ನಿಂತ ಬೆಳೆಯ ನಾಲ್ಕೂ ದಿಕ್ಕಿಗೆ ಚರಗ ಚೆಲ್ಲುತ್ತಾರೆ. ತಿನ್ನುವ ಮೊದಲು ಭೂಮಿತಾಯಿಗೆ ಉಣಿಸುವ ಈ ಹಬ್ಬಕ್ಕಿಂತ ದೊಡ್ಡ ಕೃತಜ್ಞತೆಯನ್ನು ನಾನು ಕಂಡಿಲ್ಲ. ದಾರಿಹೋಕರು ಕಂಡರೂ ಬಿಡುವುದಿಲ್ಲ: “ಬರ್ರಿ ಯಣ್ಣಾ, ಒಂದ್ ತುತ್ತು ಉಂಡ ಹೋಗ್ರಿ.”

ಈ ನೆಲದವರು ಹಳೆಯದನ್ನು ಮರೆಯುವವರಲ್ಲ. 1824ರ ಅಕ್ಟೋಬರ್ 23ರಂದು ಕಿತ್ತೂರಿನ ಕೋಟೆಯ ಮುಂದೆ ಬ್ರಿಟಿಷ್ ಕಲೆಕ್ಟರ್ ಥ್ಯಾಕರೆ ಬಿದ್ದದ್ದನ್ನು ನಿನ್ನೆ ನಡೆದದ್ದೆಂಬಂತೆ ಹೇಳುತ್ತಾರೆ. ರಾಣಿ ಚೆನ್ನಮ್ಮ 1829ರಲ್ಲಿ ಸೆರೆಯಲ್ಲೇ ತೀರಿಕೊಂಡದ್ದು ಬೈಲಹೊಂಗಲದಲ್ಲಿ. ಸಮಾಧಿಯೂ ಅಲ್ಲಿಯೇ ಇದೆ. ಆಕೆಯ ಪರವಾಗಿ ಹೋರಾಡಿದ ಸಂಗೊಳ್ಳಿ ರಾಯಣ್ಣನಂತೂ ಮನೆಮಗ.

ಸವದತ್ತಿಯ ಎಲ್ಲಮ್ಮನ ಗುಡ್ಡಕ್ಕೆ ಬನದ ಹುಣ್ಣಿಮೆ, ಭಾರತ ಹುಣ್ಣಿಮೆಗೆ ಮಹಾರಾಷ್ಟ್ರದಿಂದಲೂ ಜನ ಬರುತ್ತಾರೆ. ಬಂಡಾರದಿಂದ ನೆಲವೆಲ್ಲ ಹಳದಿ, ಚೌಡಕಿಯ ನಾದ, ‘ಉಧೋ ಉಧೋ’ ಎಂಬ ಕೂಗು. ಆ ಭಕ್ತಿಯ ನೆರಳಿನಲ್ಲೇ ಹೆಣ್ಣುಮಕ್ಕಳನ್ನು ದೇವರಿಗೆ ಬಿಡುವ ಅನ್ಯಾಯವೂ ನಡೆದುಕೊಂಡು ಬಂದಿತ್ತು. 1982ರ ಕಾಯ್ದೆ ಅದನ್ನು ಅಪರಾಧವೆಂದಿತು. ಆದರೆ ಹಾಗೆ ದೇವರ ಹೆಸರಲ್ಲಿ ಮುತ್ತು ಕಟ್ಟಿಸಿಕೊಂಡ ಹಿರಿಯ ಹೆಣ್ಣುಮಕ್ಕಳ ಮುಪ್ಪಿನ ಕಷ್ಟ ಕಾಯ್ದೆಯಿಂದ ತೀರುವಂಥದಲ್ಲ.

ಗುಡ್ಡದಿಂದ ಸ್ವಲ್ಪ ದೂರದಲ್ಲೇ ನವಿಲುತೀರ್ಥ. ಎರಡು ಬೆಟ್ಟಗಳ ನಡುವಿನ ಕಂಡಿಗೆ ಅಣೆಕಟ್ಟು ಕಟ್ಟಿ ಮಲಪ್ರಭೆಯನ್ನು ತಡೆದಿದ್ದಾರೆ. ನೀರು ಬಿಟ್ಟರೆ ಕೆಳಗಿನ ರಾಮದುರ್ಗಕ್ಕೆ ಆತಂಕ. 2019ರ ಆಗಸ್ಟಿನ ಹೊಳೆ ನೇಕಾರರ ಮನೆ ಹೊಕ್ಕು ಮಗ್ಗದ ಕುಣಿಗಳನ್ನೂ ತುಂಬಿತು. ನೂಲು ಕೊಳೆತರೆ ದುಡಿಮೆಯೇ ಹೋದಂತೆ.

ಈಗ ನೀರು ಸಿಕ್ಕಲ್ಲೆಲ್ಲ ಕಬ್ಬು ಏಳುತ್ತಿದೆ. ಮುಂಗಾರಿಗೆ ಸೋಯಾಬೀನ್ ಬಂದಿದೆ. ರೈತನನ್ನು ದೂರುವಂತಿಲ್ಲ, ಕಬ್ಬಿಗೆ ಕಾರ್ಖಾನೆಯಿದೆ, ಜೋಳದ ಕೊಯ್ಲಿಗೆ ಆಳು ಸಿಗುವುದಿಲ್ಲ. ಆದರೆ ಜೋಳ ಹೋದರೆ ಕಣಿಕಿ ಹೋಯಿತು, ಕಣಿಕಿ ಹೋದರೆ ಎತ್ತು ಹೋಯಿತು, ಚರಗ ಚೆಲ್ಲಲು ಹೊಲದಲ್ಲಿ ನಿಂತ ತೆನೆಯೂ ಇರುವುದಿಲ್ಲ. ಸರ್ಕಾರ ಬಿಳಿಜೋಳಕ್ಕೆ ರಾಶಿಯ ಹೊತ್ತಿಗೇ ಖರೀದಿ ಕೇಂದ್ರ ತೆರೆದು, ಖರ್ಚು ಹುಟ್ಟುವ ಬೆಲೆ ಕೊಡಲಿ. ಪಟ್ಟಣದಲ್ಲಿರುವ ನಾವೂ ವಾರಕ್ಕೆ ನಾಲ್ಕು ದಿನವಾದರೂ ರೊಟ್ಟಿ ಉಣ್ಣೋಣ.