ಬ್ರೂನೈ: ಸಂಬಳಕ್ಕೆ ತೆರಿಗೆಯೂ ಇಲ್ಲ, ಸಾರ್ವತ್ರಿಕ ಚುನಾವಣೆಯೂ ಇಲ್ಲ!

ನಮ್ಮ ಮೈಸೂರು ಜಿಲ್ಲೆಗಿಂತ ಚಿಕ್ಕ ದೇಶ. ಜನಸಂಖ್ಯೆ ಐದು ಲಕ್ಷವೂ ಇಲ್ಲ. ಆದರೆ ಇಲ್ಲಿ ಸಂಬಳದ ಮೇಲೆ ಆದಾಯ ತೆರಿಗೆ ಕಟ್ಟೋ ಗೋಜೇ ಇಲ್ಲ! ಬೋರ್ನಿಯೋ ದ್ವೀಪದ ಬ್ರೂನೈ ಇದು.

1929ರಲ್ಲಿ ಸೆರಿಯಾ ಅನ್ನೋ ಊರಲ್ಲಿ ತೈಲ ಸಿಕ್ತು, ದೇಶದ ನಸೀಬೇ ಬದಲಾಯ್ತು. ಇವತ್ತಿಗೂ ಖಜಾನೆ ತುಂಬೋದು ಹೆಚ್ಚಾಗಿ ತೈಲ, ಅನಿಲದಿಂದಲೇ. ಬೆಲೆ ಬಿದ್ದರೆ ಬಜೆಟ್ಟೂ ಬೀಳುತ್ತೆ.

ಸುಲ್ತಾನ್ ಹಸ್ಸನಲ್ ಬೋಲ್ಕಿಯಾ 1967ರಿಂದ ಗದ್ದುಗೆಯಲ್ಲಿದ್ದಾರೆ. ಪ್ರಧಾನಿಯೂ ಅವರೇ, ರಕ್ಷಣೆ, ಹಣಕಾಸು ಖಾತೆಗಳೂ ಅವರದೇ. ಮಂತ್ರಿಮಂಡಲದ ಜಗಳಕ್ಕೆ ಜಾಗವೇ ಇಲ್ಲ ಅನ್ನಿ!

ಅವರ ಅರಮನೆಗೆ 1,788 ಕೋಣೆಗಳು. ರಂಜಾನ್ ಮುಗಿದ ಮೇಲೆ ಕೆಲವು ದಿನ ಅದರ ಬಾಗಿಲು ಜನಸಾಮಾನ್ಯರಿಗೂ ತೆರೆಯುತ್ತೆ. ಬಂದವರಿಗೆಲ್ಲ ಊಟ. ಆಮೇಲೆ ಸಾಲಲ್ಲಿ ನಿಂತು ಗಂಡಸರು ಸುಲ್ತಾನರ ಕೈಕುಲುಕ್ತಾರೆ, ಹೆಂಗಸರು ರಾಣಿಯನ್ನ ಭೇಟಿಯಾಗ್ತಾರೆ.

ಕೈಕುಲುಕಬಹುದು, ಆದರೆ ವೋಟು ಹಾಕೋ ಹಾಗಿಲ್ಲ. 1965ರಿಂದೀಚೆಗೆ ಸಾರ್ವತ್ರಿಕ ಚುನಾವಣೆಯೇ ನಡೆದಿಲ್ಲ. ಮದ್ಯ ಮಾರಾಟ ನಿಷೇಧ. 2019ರಲ್ಲಿ ಕಠಿಣ ಷರಿಯಾ ದಂಡಸಂಹಿತೆ ಪೂರ್ತಿಯಾಗಿ ಜಾರಿಗೆ ಬಂದಾಗ ಜಗತ್ತಿನಾದ್ಯಂತ ಪ್ರತಿಭಟನೆ ಎದ್ದಿತು. ಮರಣದಂಡನೆಗೆ ಮೊದಲಿಂದ ಇದ್ದ ತಡೆ ಈ ಕಾನೂನಿಗೂ ಅನ್ವಯಿಸುತ್ತೆ ಅಂತ ಸುಲ್ತಾನರೇ ಹೇಳಬೇಕಾಯ್ತು. ಕಾನೂನು ಮಾತ್ರ ರದ್ದಾಗಲಿಲ್ಲ.

ಇನ್ನು ಬೆಂಗಳೂರಿನ ನಂಟು? ಇದೆ! ಬೆಂಗಳೂರಲ್ಲೇ ಮುಖ್ಯ ಕಚೇರಿ ಇರೋ ಇಸ್ರೋ ತನ್ನ ರಾಕೆಟ್ ಮತ್ತು ಉಪಗ್ರಹಗಳ ಜಾಡು ಹಿಡಿಯೋಕೆ ಬಳಸೋ ನೆಲೆಗಳಲ್ಲಿ ಒಂದು ಇದೇ ಬ್ರೂನೈಯಲ್ಲಿದೆ.