ಹೊಸ ಸಿ.ಎನ್.ಸಿ. ಮಿಲ್ಲಿಂಗ್ ಯಂತ್ರಕ್ಕೆ ಮುಕ್ತ ನಿಯಂತ್ರಣ ತಂತ್ರಾಂಶದ ಅಳವಡಿಕೆ: ಬೀದರ್, ಭಾಲ್ಕಿ ಮತ್ತು ಔರಾದ್ ಅರ್ಜಿದಾರರಿಗೆ ಮಾಹಿತಿ

ಪೀಠಿಕೆ

ಬೀದರ್ ನಗರ, ಭಾಲ್ಕಿ ಮತ್ತು ಔರಾದ್ ಭಾಗಗಳಲ್ಲಿ ಸಣ್ಣ ಯಂತ್ರಾಗಾರ ಸ್ಥಾಪಿಸಲು ಸಾಲ ಹಾಗೂ ಸಹಾಯಧನಕ್ಕೆ ಅರ್ಜಿ ಸಲ್ಲಿಸುವವರ ತಿಳಿವಳಿಕೆಗಾಗಿ ಈ ಮಾಹಿತಿಯನ್ನು ನೀಡಲಾಗಿದೆ. ಸೋಯಾ ಮತ್ತು ತೊಗರಿಯ ರಾಶಿ ಯಂತ್ರಗಳ ಬಿಡಿಭಾಗ, ಸಕ್ಕರೆ ಕಾರ್ಖಾನೆಗಳ ದುರಸ್ತಿ ಭಾಗ, ಅಚ್ಚು ಮೊದಲಾದವುಗಳ ತಯಾರಿಕೆ ಈ ಭಾಗದ ಯಂತ್ರಾಗಾರಗಳಿಗೆ ಒದಗಬಹುದಾದ ಕೆಲಸಗಳು. ಇವುಗಳಲ್ಲಿ ಹೆಚ್ಚಿನವು ಹಂಗಾಮಿನ ಕೆಲಸಗಳು. ರಾಶಿಯ ಕಾಲದಲ್ಲಿ ಯಂತ್ರ ನಿಂತರೆ ಕೆಲಸವು ಸುಮಾರು 140 ಕಿ.ಮೀ. ದೂರದ ಹೈದರಾಬಾದಿಗೆ ಹೋಗುತ್ತದೆ; ಆದರೆ ಸಾಲದ ಕಂತು ನಿಲ್ಲುವುದಿಲ್ಲ. ಆದ್ದರಿಂದ ಯಂತ್ರದ ಬೆಲೆಯಷ್ಟೇ ಗಮನವನ್ನು ಅದರ ನಿಯಂತ್ರಣ ವ್ಯವಸ್ಥೆಗೂ ನೀಡುವುದು ಅಗತ್ಯ.

ಮುಕ್ತ ನಿಯಂತ್ರಣ ತಂತ್ರಾಂಶ ಎಂದರೇನು?

ಸಿ.ಎನ್.ಸಿ. ಯಂತ್ರದಲ್ಲಿ ಉಪಕರಣದ ಚಲನೆಯನ್ನು ಜಿ-ಕೋಡ್ ಎಂಬ ಆದೇಶಗಳ ಮೂಲಕ ಸೂಚಿಸಲಾಗುತ್ತದೆ. ಆ ಆದೇಶಗಳನ್ನು ಓದಿ ಮೋಟಾರುಗಳಿಗೆ ಸಂಕೇತ ಕಳುಹಿಸುವುದು ನಿಯಂತ್ರಕದ ಕಾರ್ಯ. ಮುಕ್ತ ತಂತ್ರಾಂಶಗಳಲ್ಲಿ ಲಿನಕ್ಸ್‌ಸಿಎನ್‌ಸಿ ಪ್ರಮುಖವಾದುದು. ಇದರ ಮೂಲವು ಅಮೆರಿಕದ ಸರ್ಕಾರಿ ಸಂಸ್ಥೆಯಾದ ರಾಷ್ಟ್ರೀಯ ಮಾನಕ ಮತ್ತು ತಂತ್ರಜ್ಞಾನ ಸಂಸ್ಥೆಯು 1990ರ ದಶಕದಲ್ಲಿ ರೂಪಿಸಿದ ಇ.ಎಂ.ಸಿ. ಎಂಬ ತಂತ್ರಾಂಶ. ನಂತರ ಸ್ವಯಂಸೇವಕ ತಂತ್ರಜ್ಞರು ಅದನ್ನು ಮುಂದುವರಿಸಿಕೊಂಡು ಬಂದಿದ್ದಾರೆ. ಇದನ್ನು ಬಳಸಲು, ನಕಲು ಮಾಡಲು ಮತ್ತು ಮಾರ್ಪಡಿಸಲು ಪರವಾನಗಿ ಶುಲ್ಕವಿಲ್ಲ.

ಶುಲ್ಕವಿಲ್ಲದಿದ್ದರೂ ಅಳವಡಿಕೆಯ ಹೊಣೆ ಮಾಲೀಕರದ್ದೇ ಆಗಿರುತ್ತದೆ. ತಯಾರಕರ ನಿಯಂತ್ರಕವನ್ನು ಕೊಂಡಾಗ ಹೊಂದಾಣಿಕೆ ಮಾಡಿಕೊಡುವುದು ಮಾರಾಟಗಾರರ ಕೆಲಸ. ಮುಕ್ತ ತಂತ್ರಾಂಶದಲ್ಲಿ ಅದನ್ನು ಮಾಲೀಕರು ಸ್ವತಃ ಅಥವಾ ತಾವು ನೇಮಿಸಿದ ತಂತ್ರಜ್ಞರಿಂದ ಮಾಡಿಸಬೇಕಾಗುತ್ತದೆ.

ಖರೀದಿಗೆ ಮುನ್ನ

1. ಹೊಸ ಯಂತ್ರದ ನಿಯಂತ್ರಕವನ್ನು ಬದಲಿಸಿದರೆ ತಯಾರಕರ ಖಾತರಿ ರದ್ದಾಗುವ ಸಂಭವವಿದೆ. ಈ ಬಗ್ಗೆ ಖರೀದಿಗೆ ಮುನ್ನವೇ ಲಿಖಿತ ಉತ್ತರ ಪಡೆಯತಕ್ಕದ್ದು. ಸಾಧ್ಯವಿದ್ದಲ್ಲಿ ನಿಯಂತ್ರಕವಿಲ್ಲದ ಯಂತ್ರಕ್ಕೆ ಪ್ರತ್ಯೇಕ ದರಪಟ್ಟಿ ಕೇಳುವುದು ಉತ್ತಮ.
2. ಮೋಟಾರು, ಡ್ರೈವ್ ಮತ್ತು ಲಿಮಿಟ್ ಸ್ವಿಚ್‌ಗಳ ವಿವರ ಹಾಗೂ ವೈರಿಂಗ್ ನಕ್ಷೆಯನ್ನು ಯಂತ್ರದೊಂದಿಗೆ ಪಡೆಯತಕ್ಕದ್ದು. ಇವು ಇಲ್ಲದಿದ್ದರೆ ಅಳವಡಿಕೆಗೆ ಬಹಳ ಕಾಲ ಹಿಡಿಯುತ್ತದೆ.

ಗಣಕಯಂತ್ರದ ಆಯ್ಕೆ ಮತ್ತು ಪರೀಕ್ಷೆ

ನಿಯಂತ್ರಣಕ್ಕೆ ವೇಗದ ಗಣಕಯಂತ್ರಕ್ಕಿಂತ ಸಮಯಕ್ಕೆ ಸರಿಯಾಗಿ ಸ್ಪಂದಿಸುವ ಗಣಕಯಂತ್ರ ಮುಖ್ಯ. ಸಂಕೇತ ತಡವಾದರೆ ಸ್ಟೆಪ್ಪರ್ ಮೋಟಾರು ಹೆಜ್ಜೆ ತಪ್ಪುತ್ತದೆ ಮತ್ತು ಭಾಗದ ಅಳತೆ ಕೆಡುತ್ತದೆ. ಈ ವಿಳಂಬವನ್ನು ಅಳೆಯುವ ಪರೀಕ್ಷೆ ಲಿನಕ್ಸ್‌ಸಿಎನ್‌ಸಿಯಲ್ಲಿಯೇ ಇದೆ. ಗಣಕಯಂತ್ರಕ್ಕೆ ಕಡತ ನಕಲು, ಚಿತ್ರಪ್ರದರ್ಶನ ಮುಂತಾದ ಕೆಲಸ ಕೊಟ್ಟು, ಅದೇ ವೇಳೆ ಈ ಪರೀಕ್ಷೆಯನ್ನು ನಡೆಸಬೇಕು. ಸಮಾನಾಂತರ ಪೋರ್ಟಿನ ಮೂಲಕ ನೇರವಾಗಿ ಸಂಕೇತ ಕಳುಹಿಸುವುದಾದರೆ 20 ಮೈಕ್ರೋಸೆಕೆಂಡಿಗಿಂತ ಕಡಿಮೆ ವಿಳಂಬ ಉತ್ತಮ. 100 ಮೈಕ್ರೋಸೆಕೆಂಡನ್ನು ಮೀರಿದಲ್ಲಿ ಆ ಗಣಕಯಂತ್ರ ಈ ವಿಧಾನಕ್ಕೆ ಸೂಕ್ತವಲ್ಲ. ಪರೀಕ್ಷೆಯ ನಂತರವೇ ಗಣಕಯಂತ್ರಕ್ಕೆ ಹಣ ಪಾವತಿಸುವುದು ಕ್ಷೇಮ.

ಸಮಾನಾಂತರ ಪೋರ್ಟ್ ಇಲ್ಲದ ಗಣಕಯಂತ್ರಗಳಿಗೆ ಸಂಕೇತ ಉತ್ಪಾದಿಸುವ ಪ್ರತ್ಯೇಕ ಕಾರ್ಡ್ ಅಳವಡಿಸಬಹುದು. ಯು.ಎಸ್.ಬಿ.ಯಿಂದ ಸಮಾನಾಂತರ ಪೋರ್ಟಿಗೆ ಬದಲಿಸುವ ಅಗ್ಗದ ಕೇಬಲ್‌ಗಳು ಈ ಕೆಲಸಕ್ಕೆ ಬರುವುದಿಲ್ಲ.

ತುರ್ತು ನಿಲುಗಡೆ ಮತ್ತು ವಿದ್ಯುತ್ ಸುರಕ್ಷತೆ

ಇದು ಅಳವಡಿಕೆಯ ಅತಿ ಮುಖ್ಯ ಭಾಗ. ತುರ್ತು ನಿಲುಗಡೆಯ ಕೆಂಪು ಗುಂಡಿ ತಂತ್ರಾಂಶವನ್ನು ಅವಲಂಬಿಸಿರಬಾರದು. ಗುಂಡಿ ಒತ್ತಿದೊಡನೆ ಕಾಂಟ್ಯಾಕ್ಟರ್ ಮೂಲಕ ಮೋಟಾರು ಮತ್ತು ಸ್ಪಿಂಡಲ್‌ಗಳ ಶಕ್ತಿ ನೇರವಾಗಿ ಕಡಿತವಾಗಬೇಕು. ತಂತ್ರಾಂಶಕ್ಕೆ ಆ ಸಂಗತಿ ತಿಳಿದರೆ ಸಾಕು. ಗಣಕಯಂತ್ರ ಸ್ಥಗಿತಗೊಂಡಾಗಲೂ ಕೆಲಸ ಮಾಡುವ ಗುಂಡಿಯೇ ಕಾರ್ಮಿಕರ ಕೈಯನ್ನು ಉಳಿಸುತ್ತದೆ. ಇದರೊಂದಿಗೆ ಕೆಳಗಿನ ಅಂಶಗಳನ್ನು ಪಾಲಿಸತಕ್ಕದ್ದು:

1. ಗುಂಡಿ ಹಾಗೂ ಲಿಮಿಟ್ ಸ್ವಿಚ್‌ಗಳ ಸಂಪರ್ಕವು ಸಾಮಾನ್ಯ ಸ್ಥಿತಿಯಲ್ಲಿ ಮುಚ್ಚಿದ ಬಗೆಯದಾಗಿರಬೇಕು. ಆಗ ತಂತಿ ತುಂಡಾದರೂ ಯಂತ್ರ ನಿಲ್ಲುತ್ತದೆ.
2. ಗಣಕಯಂತ್ರ ಆರಂಭವಾಗುವಾಗ ಪೋರ್ಟಿನಿಂದ ಅನಿಯಮಿತ ಸಂಕೇತ ಹೊರಟು ಮೋಟಾರು ಅಲುಗುವ ಸಾಧ್ಯತೆಯಿದೆ. ಆದುದರಿಂದ ತಂತ್ರಾಂಶ ಸಿದ್ಧವಾದ ನಂತರವೇ ಡ್ರೈವ್‌ಗಳಿಗೆ ವಿದ್ಯುತ್ ನೀಡಬೇಕು.
3. ಯಂತ್ರಕ್ಕೆ ಸಮರ್ಪಕ ಅರ್ಥಿಂಗ್ ಇರಬೇಕು. ಸ್ಪಿಂಡಲ್ ವೇಗ ನಿಯಂತ್ರಿಸುವ ವಿ.ಎಫ್.ಡಿ.ಯ ತಂತಿಗಳನ್ನು ಸಂಕೇತದ ತಂತಿಗಳಿಂದ ದೂರವಿರಿಸಬೇಕು. ವಿದ್ಯುತ್ ಕಡಿತಗೊಳಿಸಿದ ಮೇಲೂ ವಿ.ಎಫ್.ಡಿ.ಯೊಳಗೆ ಕೆಲ ನಿಮಿಷ ಅಪಾಯಕಾರಿ ವೋಲ್ಟೇಜ್ ಉಳಿದಿರುತ್ತದೆ.

ಅಳತೆಯ ಹೊಂದಾಣಿಕೆ

ಒಂದು ಮಿ.ಮೀ. ಚಲನೆಗೆ ಎಷ್ಟು ಸಂಕೇತಗಳು ಬೇಕೆಂಬುದನ್ನು ತಂತ್ರಾಂಶಕ್ಕೆ ತಿಳಿಸಬೇಕು. ಉದಾಹರಣೆಗೆ, ಸುತ್ತಿಗೆ 200 ಹೆಜ್ಜೆಯ ಮೋಟಾರು, ಹೆಜ್ಜೆಯನ್ನು 8 ಭಾಗ ಮಾಡುವ ಡ್ರೈವ್ ಹಾಗೂ ಸುತ್ತಿಗೆ 5 ಮಿ.ಮೀ. ಸರಿಯುವ ಬಾಲ್ ಸ್ಕ್ರೂ ನೇರವಾಗಿ ಜೋಡಣೆಯಾಗಿದ್ದಲ್ಲಿ, 200 × 8 ÷ 5 = 320 ಸಂಕೇತಗಳು. ನಿಮಿಷಕ್ಕೆ 1,200 ಮಿ.ಮೀ. ವೇಗಕ್ಕೆ ಸೆಕೆಂಡಿಗೆ 6,400 ಸಂಕೇತಗಳು ಬೇಕಾಗುತ್ತವೆ.

ಲೆಕ್ಕದ ನಂತರ ಮೇಜನ್ನು ಸರಿಸಿ ಡಯಲ್ ಗೇಜಿನಿಂದ ಅಳೆಯಬೇಕು. ದಿಕ್ಕು ಬದಲಿಸಿದಾಗ ಕಂಡುಬರುವ ಸಡಿಲವನ್ನು ತಂತ್ರಾಂಶದಲ್ಲಿ ಸ್ವಲ್ಪಮಟ್ಟಿಗೆ ಸರಿದೂಗಿಸಬಹುದಾದರೂ ಸವೆದ ಅಥವಾ ಸಡಿಲ ಸ್ಕ್ರೂವಿಗೆ ಅದು ಪರಿಹಾರವಲ್ಲ. ಹೊಸ ಯಂತ್ರದಲ್ಲಿ ಹೆಚ್ಚು ಸಡಿಲ ಕಂಡುಬಂದಲ್ಲಿ ಅದನ್ನು ಖಾತರಿಯ ಅವಧಿಯಲ್ಲಿಯೇ ಮಾರಾಟಗಾರರ ಗಮನಕ್ಕೆ ತರಬೇಕು. ಮೊದಲ ಪ್ರೋಗ್ರಾಮನ್ನು ಲೋಹವಿಡದೆ, ಉಪಕರಣವನ್ನು ಮೇಲಕ್ಕೆತ್ತಿ, ನಿಧಾನ ವೇಗದಲ್ಲಿ ನಡೆಸಿ ನೋಡತಕ್ಕದ್ದು.

ಯೋಜನಾ ವರದಿ ಮತ್ತು ಅರ್ಜಿ

ತಂತ್ರಾಂಶದ ಬೆಲೆ ಶೂನ್ಯವೆಂದು ಇಡೀ ನಿಯಂತ್ರಣ ವ್ಯವಸ್ಥೆಯ ವೆಚ್ಚವನ್ನು ಯೋಜನಾ ವರದಿಯಿಂದ ಬಿಡುವುದು ತಪ್ಪು. ಗಣಕಯಂತ್ರ, ಕಾರ್ಡ್, ಡ್ರೈವ್, ನಿಯಂತ್ರಣ ಪೆಟ್ಟಿಗೆ, ವೈರಿಂಗ್, ಅಳವಡಿಕೆಯ ಕೂಲಿ ಮತ್ತು ತರಬೇತಿ ಇವುಗಳಿಗೆ ಪ್ರತ್ಯೇಕ ದರಪಟ್ಟಿ ಪಡೆದು ವರದಿಯಲ್ಲಿ ತೋರಿಸಬೇಕು. ಸಾಲ ಮಂಜೂರಾದ ಮೇಲೆ ಕೊರತೆ ಕಂಡುಬಂದರೆ ಯಂತ್ರವು ಕೆಲಸವಿಲ್ಲದೆ ನಿಲ್ಲುವ ಸಂದರ್ಭ ಒದಗುತ್ತದೆ.

ಉದ್ಯಮವನ್ನು 1 ಜುಲೈ 2020ರಿಂದ ಜಾರಿಗೆ ಬಂದ ಉದ್ಯಮ್ ನೋಂದಣಿಯಲ್ಲಿ ನೋಂದಾಯಿಸಬಹುದು, ಇದಕ್ಕೆ ಶುಲ್ಕವಿಲ್ಲ. ಪ್ರಧಾನಮಂತ್ರಿ ಉದ್ಯೋಗ ಸೃಜನ ಕಾರ್ಯಕ್ರಮದಲ್ಲಿ 2025-26ರವರೆಗಿನ ಅವಧಿಯ ಮಾರ್ಗಸೂಚಿಯಂತೆ ತಯಾರಿಕಾ ಘಟಕದ ಯೋಜನಾ ವೆಚ್ಚದ ಗರಿಷ್ಠ ಮಿತಿ 50 ಲಕ್ಷ ರೂ. ಆಗಿದ್ದು, ಸಾಮಾನ್ಯ ವರ್ಗದವರಿಗೆ ನಗರದಲ್ಲಿ ಶೇ. 15, ಗ್ರಾಮೀಣ ಪ್ರದೇಶದಲ್ಲಿ ಶೇ. 25, ವಿಶೇಷ ವರ್ಗದವರಿಗೆ ಅನುಕ್ರಮವಾಗಿ ಶೇ. 25 ಮತ್ತು ಶೇ. 35 ಸಹಾಯಧನ ನಿಗದಿಯಾಗಿತ್ತು. ಘಟಕವು ಪಟ್ಟಣದಲ್ಲಿದೆಯೇ ಅಥವಾ ಗ್ರಾಮದಲ್ಲಿದೆಯೇ ಎಂಬುದು ಸಹಾಯಧನದ ಪ್ರಮಾಣವನ್ನು ಬದಲಿಸುವುದರಿಂದ ಭಾಲ್ಕಿ, ಔರಾದ್ ಪಟ್ಟಣಗಳ ಅಂಚಿನಲ್ಲಿ ಸ್ಥಳ ಆರಿಸುವವರು ಈ ಅಂಶವನ್ನು ಗಮನಿಸಬೇಕು. ಚಾಲ್ತಿಯಲ್ಲಿರುವ ಮಾರ್ಗಸೂಚಿಯೇ ಅನ್ವಯವಾಗುತ್ತದೆ.

ದಾಖಲೆಗಳ ಸಂರಕ್ಷಣೆ

ಅಳವಡಿಕೆ ಮುಗಿದೊಡನೆ ಹೊಂದಾಣಿಕೆಯ ಕಡತಗಳ ಪ್ರತಿಯನ್ನು ಎರಡು ಪೆನ್‌ಡ್ರೈವ್‌ಗಳಲ್ಲಿ ಇರಿಸಿ, ವೈರಿಂಗ್ ನಕ್ಷೆಯ ಮುದ್ರಿತ ಪ್ರತಿಯನ್ನು ನಿಯಂತ್ರಣ ಪೆಟ್ಟಿಗೆಯೊಳಗೆ ಅಂಟಿಸತಕ್ಕದ್ದು. ಅಳವಡಿಸಿದ ತಂತ್ರಜ್ಞರಿಂದ ಈ ಎರಡನ್ನೂ ಪಡೆದ ನಂತರವೇ ಅಂತಿಮ ಕಂತು ಪಾವತಿಸಬೇಕು. ಮುಕ್ತ ತಂತ್ರಾಂಶದ ನಿಜವಾದ ಪ್ರಯೋಜನ ಇಲ್ಲಿದೆ: ಗಣಕಯಂತ್ರ ಕೆಟ್ಟಲ್ಲಿ ಯಾರ ಅನುಮತಿಗೂ ಕಾಯದೆ, ಸೂಕ್ತವಾದ ಮತ್ತೊಂದು ಗಣಕಯಂತ್ರದಲ್ಲಿ ತಂತ್ರಾಂಶವನ್ನು ಮತ್ತು ಅದೇ ಕಡತಗಳನ್ನು ಹಾಕಿ ಕೆಲಸ ಮುಂದುವರಿಸಬಹುದು. ಕಡತಗಳು ಕಳೆದುಹೋದರೆ ಈ ಪ್ರಯೋಜನವೂ ಕಳೆದುಹೋಗುತ್ತದೆ.

ಸೂಚನೆ: ಸಿ.ಎನ್.ಸಿ. ಕೆಲಸದ ಅನುಭವವಿಲ್ಲದ ಅರ್ಜಿದಾರರು ಯಂತ್ರ ಖರೀದಿಗೆ ಮೊದಲು ಸಮೀಪದ ಸರ್ಕಾರಿ ಕೈಗಾರಿಕಾ ತರಬೇತಿ ಸಂಸ್ಥೆ ಅಥವಾ ಪಾಲಿಟೆಕ್ನಿಕ್‌ನಲ್ಲಿ ತರಬೇತಿಯ ಅವಕಾಶವನ್ನು ವಿಚಾರಿಸುವುದು. ಜಿ-ಕೋಡ್‌ನ ಮೂಲ ಆದೇಶಗಳು ಬಹುತೇಕ ಸಮಾನವಾಗಿರುವುದರಿಂದ ಬೇರೆ ನಿಯಂತ್ರಕದ ಮೇಲೆ ಕಲಿತದ್ದೂ ಉಪಯೋಗಕ್ಕೆ ಬರುತ್ತದೆ. ಸಾಲ ಮತ್ತು ಸಹಾಯಧನದ ಹೆಚ್ಚಿನ ವಿವರಗಳಿಗೆ ಬೀದರ್‌ನ ಜಿಲ್ಲಾ ಕೈಗಾರಿಕಾ ಕೇಂದ್ರವನ್ನು ಕಚೇರಿ ವೇಳೆಯಲ್ಲಿ ಸಂಪರ್ಕಿಸಬಹುದು.